ತನ್ನ ಚಕ್ರದ ಮೇಲೆ ಮನೆಗೆ

ಆಗಸ್ಟ್ 11, ಭಾನುವಾರ
ಲೇಡೀಸ್ ಹಾಸ್ಟೆಲ್, ರೂಮ್ 214

ಅಮ್ಮ,

ಸಾರಿ. ಮೊದಲೇ ಹೇಳಿಬಿಡುತ್ತೇನೆ. ಕೆಲಸವಿದ್ದರೆ ಮಾತ್ರ ಬರೆ, ಇಲ್ಲದಿದ್ದರೆ ಓದಿಕೋ ಎಂದು ಅಡ್ಮಿಷನ್ ದಿನ ಗೇಟಿನ ಹತ್ತಿರ ಹೇಳಿದ್ದಿರಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಅಳುತ್ತೇನೆ, ಕಾಗದದಲ್ಲಿ ಅತ್ತರೆ ನಿಮಗೆ ಕೇಳಿಸುವುದಿಲ್ಲ ಎಂದು ನೀವೇ ಅಂದಿದ್ದಿರಿ. ಅಲ್ಲದೆ ಆರನೇ ವಯಸ್ಸಿನಿಂದ ಸ್ಕೂಲ್ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಹತ್ತರಿಂದ ಹನ್ನೊಂದು ಪತ್ರದ ಗಂಟೆ ಅಂತ ಕೂರಿಸಿ ಬರೆಸಿದ್ದಾರೆ. ಆ ಹಾಸ್ಟೆಲ್ ಬಿಟ್ಟು ಬಂದರೂ ಹತ್ತು ಹೊಡೆದರೆ ಕೈ ತಾನಾಗಿ ಪೆನ್ ಹುಡುಕುತ್ತದೆ. ಭಾಷೆ ಅರ್ಧ ಇಂಗ್ಲಿಷ್ ಆಗಿದ್ದರೆ ಅದಕ್ಕೂ ಸಾರಿ.

ಈ ಸಲ ಕೆಲಸವಿದೆ. ಕಾಲೇಜಿನಲ್ಲಿ ಒಂದು ಆಟೋ ಕ್ಲಬ್ ಇದೆ. ಫಸ್ಟ್ ಇಯರ್‌ನವರು ಯಾವುದಾದರೂ ಎರಡು ವಸ್ತುಗಳನ್ನು ಹೋಲಿಸಿ ರಿಪೋರ್ಟ್ ಕೊಟ್ಟರೆ ಮಾತ್ರ ಒಳಗೆ ಸೇರಿಸಿಕೊಳ್ಳುತ್ತಾರೆ. ಎಲ್ಲರೂ ಎರಡು ಬ್ಯಾಟರಿ, ಎರಡು ಸ್ಪಾರ್ಕ್ ಪ್ಲಗ್ ಅಂತ ಸುಲಭದ್ದನ್ನು ಹಿಡಿದಿದ್ದಾರೆ. ನನ್ನ ರೂಮ್‌ಮೇಟ್ (ನಾನು ರೂಮಿ ಅನ್ನುತ್ತೇನೆ) ಹಲ್ಲಿನ ಡಾಕ್ಟರ ಮಗಳು. ಅವರ ಹತ್ತಿರ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರಿದೆ, ಆರುನೂರ ಇಪ್ಪತ್ತು ಹಾರ್ಸ್‌ಪವರ್. ಮೊನ್ನೆ ಮೆಸ್‌ನಲ್ಲಿ ಅವಳು, "ನಮ್ಮಪ್ಪನ ಕಾರಿನ ಮುಂದೆ ಯಾವ ಗಾಡೀನೂ ನಿಲ್ಲಲ್ಲ ಬಿಡ್ರೇ" ಅಂದಳು. ನಾನು ತಟ್ಟೆ ನೋಡಿಕೊಂಡು ಊಟ ಮಾಡಬಹುದಿತ್ತು. "ಇನ್ನೂರ ಹತ್ತು ಹಾರ್ಸ್‌ಪವರ್‌ನ ರೇಸ್ ಕಾರು ಟ್ರ್ಯಾಕ್‌ನಲ್ಲಿ ಅದನ್ನ ಹಿಂದೆ ಹಾಕುತ್ತೆ" ಅಂದುಬಿಟ್ಟೆ. ಇಡೀ ಟೇಬಲ್ ನಕ್ಕಿತು.

"ನಿಂಗೆ ಹೇಗೆ ಗೊತ್ತು?"

"ಗೊತ್ತಿರೋರು ಒಬ್ರು ಇದಾರೆ."

"ಯಾರೇ?"

"ಪರಿಚಯದವರು" ಅಂದೆ, ಅಮ್ಮ. ಯಾಕೆ ಹಾಗಂದೆನೋ ಗೊತ್ತಿಲ್ಲ. ಅಲ್ಲ, ಗೊತ್ತು. ಇಲ್ಲಿ ಎಲ್ಲರ ಅಮ್ಮಂದಿರೂ ಹದಿನೈದು ದಿನಕ್ಕೊಮ್ಮೆಯಾದರೂ ಬರುತ್ತಾರೆ. ನಮ್ಮಮ್ಮ ರೇಸ್ ತಂಡದಲ್ಲಿ ಟೈರ್ ನೋಡಿಕೊಳ್ಳುತ್ತಾರೆ ಅಂದಿದ್ದರೆ, ಅಡ್ಮಿಷನ್ ಆದ ಮೇಲೆ ಯಾಕೆ ಒಂದು ಸಲವೂ ಬಂದಿಲ್ಲ ಅನ್ನುವುದೇ ಮುಂದಿನ ಪ್ರಶ್ನೆ. ಅದಕ್ಕೇ ಸುಳ್ಳು ಹೇಳಿದೆ. ಅದಕ್ಕೂ ಸಾರಿ.

ನಿಮ್ಮ ತಂಡದ ಹಳೆಯ ಕಾರನ್ನು ಒಂದು ದಿನ ಡಾಕ್ಟರ ಕಾರಿನ ಜೊತೆ ಓಡಿಸಲು ಸಾಧ್ಯವೇ? ಡಾಕ್ಟರ್ ಅಂಕಲ್ ಆಗಲೇ ಕುಣಿಯುತ್ತಿದ್ದಾರೆ. ಆಗುವುದಿಲ್ಲ ಅಂದರೆ ಬೇಗ ತಿಳಿಸಿ, ಬ್ಯಾಟರಿ ಮಾಡುತ್ತೇನೆ.

ಇಂತಿ,
ನಿಮ್ಮ ಮಗಳು


ಆಗಸ್ಟ್ 20

ಪರಿಚಯದವರಿಗೆ ನಿನ್ನ ಕಾಗದ ತಲುಪಿತು.

ತಂಡದ ಯಜಮಾನರನ್ನು ಕೇಳಿದೆ. ಸೆಪ್ಟೆಂಬರ್ 14, ಶನಿವಾರ, ಟ್ರ್ಯಾಕ್ ಖಾಲಿ ಇದೆ. ಹಳೆಯ ಕಾರು, ನಮ್ಮ ಡ್ರೈವರ್. ಡಾಕ್ಟರು ಹೆಲ್ಮೆಟ್ ತರಲಿ. ಕಾಲೇಜಿನ ಮೇಷ್ಟ್ರು ಯಾರಾದರೂ ಜೊತೆಗಿರಲಿ, ಮಕ್ಕಳನ್ನು ಕಾಯಲು ನನ್ನಿಂದಾಗದು. ಅದು ನಿನಗೆ ಗೊತ್ತಿರುವ ವಿಷಯವೇ.

ನೀನು ಹೇಳಿದ ಸುಳ್ಳನ್ನು ನಾನು ಕೆಡಿಸುವುದಿಲ್ಲ. ಆ ದಿನ ನಾನು ನಿನಗೆ ಯಾರೂ ಅಲ್ಲ. ಬಾಯಿ ತಪ್ಪಿ ಅಮ್ಮ ಅಂದರೆ ತಿರುಗಿ ನೋಡುವುದಿಲ್ಲ. ಆಮೇಲೆ ಮೂತಿ ಊದಿಸಿಕೊಂಡು ಕೂರಬೇಡ.

ರಿಪೋರ್ಟಿಗೆ ಬೇಕಾದದ್ದು ಇಷ್ಟು. ಹಾರ್ಸ್‌ಪವರ್ ಎನ್ನುವುದು ಮೆಸ್‌ನಲ್ಲಿ ಕೂತು ಮಾತಾಡಲು ಚೆನ್ನಾಗಿರುತ್ತದೆ. ತಿರುವಿನಲ್ಲಿ ಕೇಳುವುದು ತೂಕವನ್ನು. ಡಾಕ್ಟರ ಕಾರು ಸಾವಿರದ ಆರುನೂರ ಐವತ್ತು ಕಿಲೋ. ನಮ್ಮದು ಐನೂರ ಅರವತ್ತು. ಅವರ ಕಾರಿನಲ್ಲಿ ಬೆನ್ನು ಬೆಚ್ಚಗೆ ಮಾಡುವ ಸೀಟು, ಎಸಿ, ಹಾಡು, ಕಾರ್ಪೆಟ್, ಲೋಟ ಇಡಲು ಜಾಗ. ಅದು ಎಲ್ಲರನ್ನೂ ಮೆಚ್ಚಿಸಲು ಹುಟ್ಟಿದ ಕಾರು. ಮಳೆಗೂ ಸೈ, ಗುಂಡಿಗೂ ಸೈ, ಹಿಂದೆ ಕೂತ ಅತ್ತೆಗೂ ಸೈ. ನಮ್ಮ ಕಾರಿಗೆ ಹಾರ್ನ್ ಕೂಡ ಇಲ್ಲ. ಓಡಲು ಬೇಡವಾದದ್ದನ್ನೆಲ್ಲ ಕಿತ್ತು ಆಚೆ ಇಟ್ಟಿದ್ದೇವೆ. ಅದಕ್ಕೇ ಅದು ಓಡುತ್ತದೆ. ಕಿತ್ತು ಇಡುವಾಗ ಅಯ್ಯೋ ಪಾಪ ಅನ್ನುವವರು ಈ ಕೆಲಸಕ್ಕೆ ಬರಬಾರದು.

ನಿನ್ನ ಕಾಗದದಲ್ಲಿ ಮೂರು ಸಾರಿ ಇವೆ. ಒಂದು ಸಾಕಿತ್ತು. ಉಳಿದ ಎರಡು ತೂಕ.

ಇಂತಿ,
ಪರಿಚಯದವಳು


ಸೆಪ್ಟೆಂಬರ್ 15, ಭಾನುವಾರ
ರೂಮ್ 214

ಅಮ್ಮ,

ನಿನ್ನೆಯ ದಿನಕ್ಕೆ ಥ್ಯಾಂಕ್ಸ್. ರಿಪೋರ್ಟಿನ ಕರಡನ್ನು ಇದರಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ. ನೀವು ಅಲ್ಲೇ ಇದ್ದಿರಿ, ನಿಮಗೆ ಗೊತ್ತಿರುವುದನ್ನೇ ನಿಮಗೆ ಬರೆಯುತ್ತಿದ್ದೇನೆ ಅನ್ನುವುದೂ ಗೊತ್ತು. ಆದರೂ.

ನೇರ ದಾರಿಯಲ್ಲಿ ಕೆಂಪು ಕಾರು 246 ಮುಟ್ಟಿತು, ನಮ್ಮದು 218. ಡಾಕ್ಟರ್ ಅಂಕಲ್ ಅಷ್ಟಕ್ಕೇ ಗೆದ್ದೆ ಅಂದುಕೊಂಡರು. ಮೊದಲ ತಿರುವಿಗೆ ಅವರು ನೂರೈವತ್ತು ಮೀಟರ್ ಮುಂಚೆಯೇ ಬ್ರೇಕ್ ಹಾಕಿದರು, ನಮ್ಮ ಡ್ರೈವರ್ ಅರವತ್ತು ಮೀಟರ್ ಇರುವಾಗ. ಅಲ್ಲಿಗೆ ಮುಗಿಯಿತು. ಒಂದು ಸುತ್ತಿಗೆ ಕೆಂಪು ಕಾರು ಎರಡು ನಿಮಿಷ ಮೂರು ಸೆಕೆಂಡ್, ರೇಸ್ ಕಾರು ಒಂದು ನಿಮಿಷ ನಲವತ್ತೆಂಟು. ಕೆಂಪು ಕಾರಿನ ಬ್ರೇಕ್ ಪೆಡಲ್ ನಾಲ್ಕನೇ ಸುತ್ತಿಗೆ ನೆನೆದ ಸ್ಪಂಜಿನ ಹಾಗೆ ಮೆತ್ತಗಾಯಿತು. ಡಾಕ್ಟರ್ ಕೆಳಗಿಳಿದವರೇ, "ನಮ್ಮದು ಪೈಲ್ವಾನ್ ಕಣ್ರೀ, ನಿಮ್ಮದು ನೊಣ. ಹೊಡೆಯೋಕೆ ಸಿಗ್ತಾನೇ ಇಲ್ಲ" ಅಂದರು. ಸೋತರೂ ಅಷ್ಟು ಚೆನ್ನಾಗಿ ನಗುವವರನ್ನು ನಾನು ನೋಡಿರಲಿಲ್ಲ.

ಆಮೇಲೆ ಟೈರ್. ಕೆಂಪು ಕಾರಿನ ಬಾಗಿಲ ಸಂದಿಯಲ್ಲಿ ಅಂಟಿಸಿದ ಚೀಟಿಯ ಪ್ರಕಾರ ಟೈರ್ ತಣ್ಣಗಿದ್ದಾಗ ಗಾಳಿ ಮೂವತ್ತಾರು ಇರಬೇಕು. ಬೆಳಿಗ್ಗೆ ಅಷ್ಟೇ ಇತ್ತು. ಐದು ಸುತ್ತು ಓಡಿ ಬಂದಾಗ ಬಿಸಿಗೆ ಉಬ್ಬಿ ನಲವತ್ತಾರು ಆಗಿತ್ತು. ಅಷ್ಟಾದರೆ ಹಿಡಿತ ಹೋಗುತ್ತೆ, ಮೂವತ್ತಾರಕ್ಕೆ ಇಳಿಸು ಎಂದು ನೀವು ಹೇಳಿದಿರಿ. ನಾನು ಮಂಡಿಯೂರಿ ನಾಲ್ಕೂ ಚಕ್ರದಲ್ಲಿ ಇಳಿಸಿದೆ. ಎರಡನೇ ಸಲ ಓಡಿ ಬಂದಾಗ ನಲವತ್ತು. ಮತ್ತೆ ಇಳಿಸಿದೆ. ನೀವು ಕೊಟ್ಟ ಟೈರ್ ಶೀಟಿನಲ್ಲಿ ಎಲ್ಲವನ್ನೂ ತುಂಬಿ, ಬರೆದವರ ಸಹಿ ಅನ್ನುವ ಕಡೆ ಸಹಿ ಹಾಕಿದೆ. ನೋಡಿದವರ ಸಹಿ ಅನ್ನುವ ಜಾಗ ಖಾಲಿ ಇದೆ. ನೀವು ಮರೆತಿರಿ ಅನ್ನಿಸುತ್ತದೆ. ಶೀಟ್ ನನ್ನ ಫೈಲಿನಲ್ಲಿದೆ.

ಡಾಕ್ಟರ ಮುಂದೆ ಕಾರಿನ ಒಳಗೆ ಒಂದು ಹಳದಿ ದೀಪ ಹತ್ತಿಕೊಂಡಿತು. ಗಾಳಿ ಕಮ್ಮಿ ಅನ್ನುವ ದೀಪ. "ಇದೇನ್ ಮೇಡಂ?" ಅಂದರು. "ಈ ಕಾರುಗಳಿಗೆ ಗಾಬರಿ ಜಾಸ್ತಿ ಡಾಕ್ಟ್ರೇ. ಅದಕ್ಕೆ ಬೆಲೆ ಕೊಡಬೇಡಿ" ಅಂದಿರಿ. ರೂಮಿ ನನ್ನ ಭುಜ ತಿವಿದು, "ಥೇಟ್ ನಿನ್ನ ಥರಾನೇ ಕಣೇ. ಏನೂ ಆಗ್ದಿದ್ರೂ ಉರೀತಾನೇ ಇರುತ್ತೆ" ಅಂದಳು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನೀವು ನಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಇನ್ನೊಂದನ್ನು ಬರೆಯಬೇಕೋ ಬೇಡವೋ. ನಾನು ಗಾಳಿ ಅಳೆಯುವ ಗೇಜನ್ನು ಒಂದು ಸಲ ತಪ್ಪಾಗಿ ಓದಿದಾಗ ನೀವು ಡಾಕ್ಟರ ಕಡೆ ತಿರುಗಿ, "ಇದನ್ನ ಯಾರು ಸಾಕಿದ್ರೋ, ಪಾಪ" ಅಂದಿರಿ. ಮೇಷ್ಟ್ರು, ಡ್ರೈವರ್, ಎಲ್ಲರೂ ಇದ್ದರು. ಡಾಕ್ಟರ್ ಅಂಕಲ್, "ಕಲಿಯೋ ಮಗು, ಬಿಡಿ ಮೇಡಂ" ಅಂದರು. ನೀವು ನಾಟಕವನ್ನು ಚೆನ್ನಾಗಿ ಆಡಿದಿರಿ, ನಾನೇ ಕೇಳಿಕೊಂಡದ್ದು. ಆದರೆ ಅಷ್ಟು ಚೆನ್ನಾಗಿ ಆಡಬೇಕಿತ್ತಾ? ಕೊನೆಯಲ್ಲಿ ಏನೋ ಕೇಳಲು ಬಾಯಿ ತೆರೆದೆ. "ಮೊದ್ಲು ಗೇಜ್ ಓದೋದು ಕಲಿ" ಅಂದಿರಿ. ಆಮೇಲೆ ಕೇಳಲಿಲ್ಲ. ಬಿಡಿ, ಅದೇನೂ ಮುಖ್ಯವಲ್ಲ.

ರಿಪೋರ್ಟಿನ ಕೊನೆಯ ಸಾಲು ಹೀಗೆ ಬರೆದಿದ್ದೇನೆ: "ಆದರೂ ರಸ್ತೆ ಕಾರಿಗೆ ಒಂದು ಗುಣವಿದೆ. ಸಂಜೆ ರೇಸ್ ಕಾರನ್ನು ಲಾರಿಗೆ ಹತ್ತಿಸಿ ಹಗ್ಗ ಬಿಗಿದು ಕಳಿಸಬೇಕಾಯಿತು. ಕೆಂಪು ಕಾರು ತನ್ನ ಚಕ್ರದ ಮೇಲೆ ತಾನೇ ಮನೆಗೆ ಹೋಯಿತು." ಚೆನ್ನಾಗಿದೆಯಾ?

ಅಪ್ಪ ಮಗಳು ಅದೇ ಕಾರಿನಲ್ಲಿ ಹೊರಟರು, ನಾವು ಕಾಲೇಜಿನ ವ್ಯಾನಿನಲ್ಲಿ ಬಂದೆವು. ರೂಮಿ ಇವತ್ತು ಬೆಳಿಗ್ಗೆ ಹಾಸ್ಟೆಲಿಗೆ ಬರಬೇಕಿತ್ತು. ಬಂದಿಲ್ಲ, ಫೋನ್ ಸ್ವಿಚ್ ಆಫ್. ಮನೆಯಲ್ಲೇ ಉಳಿದಿರಬೇಕು.

ಇಂತಿ,
ನಿಮ್ಮ ಮಗಳು


ಸೆಪ್ಟೆಂಬರ್ 18

ಮಗಳೇ,

ಡಾಕ್ಟರ ವಿಷಯ ಡ್ರೈವರ್ ಹೇಳಿದ. ಕೆಟ್ಟದಾಯಿತು.

ಆ ಟೈರ್ ಶೀಟನ್ನು ತಕ್ಷಣ ನನಗೆ ಕಳಿಸು. ಕಾಪಿ ಇಟ್ಟುಕೊಳ್ಳಬೇಡ. ರಿಪೋರ್ಟಿನಲ್ಲಿ ಗಾಳಿ ಇಳಿಸಿದ ಭಾಗವನ್ನು ತೆಗೆದುಹಾಕು. ಕೊನೆಯ ಸಾಲನ್ನೂ.

ಊಟ ಸರಿಯಾಗಿ ಮಾಡು.

ಅಮ್ಮ


ಅಕ್ಟೋಬರ್ 6, ಭಾನುವಾರ
ರೂಮ್ 214

ಅಮ್ಮ,

ನೀವು ಕಾಗದದ ಕೆಳಗೆ "ಅಮ್ಮ" ಅಂತ ಸಹಿ ಹಾಕಿದ್ದನ್ನು ಎಷ್ಟು ಹೊತ್ತು ನೋಡುತ್ತಾ ಕೂತೆನೋ ಗೊತ್ತಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಹಳೆಯ ಹಾಸ್ಟೆಲಿಗೆ ಬರುತ್ತಿದ್ದ ಕಾಗದಗಳಲ್ಲಿ ಬರೀ ತಾರೀಖು ಇರುತ್ತಿತ್ತು. ಮೇಲಿನ ಮೂರು ಸಾಲು ಇಲ್ಲದೆ ಆ ಸಹಿ ಒಂದೇ ಬಂದಿದ್ದರೆ ಅದಕ್ಕೆ ಫೋಟೋದ ಹಾಗೆ ಕಟ್ಟು ಹಾಕಿಸುತ್ತಿದ್ದೆ.

ರೂಮಿ ಮೊನ್ನೆ ವಾಪಸ್ ಬಂದಳು. ಬಲ ಭುಜದ ಮೂಳೆ ಮುರಿದಿದೆ, ತೋಳನ್ನು ಕತ್ತಿಗೆ ತೂಗುಹಾಕಿದ್ದಾರೆ. ಕ್ಲಾಸ್ ತಪ್ಪಬಾರದೆಂದು ಹಟ ಹಿಡಿದು ಬಂದಿದ್ದಾಳೆ. ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ದಿನಾ ಬೆಳಿಗ್ಗೆ ನಾನೇ ಬಾಚಿ ಹೆಣೆಯುತ್ತೇನೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಮಾತಾಡುತ್ತಾಳೆ, ನಾನು ಅವಳ ತಲೆಯ ಹಿಂಭಾಗ ನೋಡುತ್ತಾ ಹೂಂ ಅನ್ನುತ್ತೇನೆ.

ಟ್ರ್ಯಾಕ್ ಬಿಟ್ಟು ತೊಂಬತ್ತು ಕಿಲೋಮೀಟರ್ ದಾಟಿದ ಮೇಲೆ, ದೊಡ್ಡ ರಸ್ತೆಯಲ್ಲಿ, ಹಿಂದಿನ ಎಡ ಟೈರ್ ಸಿಡಿಯಿತಂತೆ. ಕಾರು ಮೂರು ಸುತ್ತು ತಿರುಗಿ ಕಬ್ಬಿಣದ ತಡೆಗೆ ಬಡಿಯಿತು. ಅವಳ ಭುಜ ಹೋಯಿತು. ಡಾಕ್ಟರ ಬಲಗೈ ಬಾಗಿಲಿಗೂ ತಡೆಗೂ ಮಧ್ಯೆ ಸಿಕ್ಕಿ ನುಜ್ಜುಗುಜ್ಜಾಗಿದೆ. ಎರಡು ಬೆರಳು ಇಲ್ಲ, ಉಳಿದವು ಮಡಚುವುದಿಲ್ಲ. ಅವರು ಇನ್ನು ಯಾರ ಹಲ್ಲನ್ನೂ ಮುಟ್ಟುವಂತಿಲ್ಲ.

"ಟ್ರ್ಯಾಕ್ ಗುಂಗು ತಲೆಗೇರಿತ್ತು ಅಂತಾರೆ ಎಲ್ರೂ" ಅಂದಳು ರೂಮಿ. "ಇನ್ಶೂರೆನ್ಸ್‌ನೋರೂ ಸ್ಪೀಡ್ ಅಂತಾನೇ ಬರ್ಕೊಂಡು ಹೋದ್ರು. ಅಪ್ಪ ನೂರಿಪ್ಪತ್ತರಲ್ಲೇ ಇದ್ರು ಕಣೇ, ನಾನು ನೋಡಿದೀನಿ. ಅವ್ರಿಗೇ ನಂಬಿಕೆ ಇಲ್ಲ. ನಾನೇ ನಿನ್ನ ಕೊಲ್ತಿದ್ದೆ ಪುಟ್ಟಿ ಅಂತ ಅಳ್ತಾರೆ. ಅಮ್ಮ ಅಂತೂ ಊಟಕ್ಕೆ ಕೂತಾಗೆಲ್ಲ, ನಿಮ್ಮ ಹುಚ್ಚಿಗೆ ಮಗಳನ್ನೂ ಬಲಿ ಕೊಡ್ತಿದ್ರಿ ಅಂತ ಚುಚ್ತಾರೆ. ಅಪ್ಪ ಎಡಗೈಲಿ ಚಮಚ ಹಿಡ್ಕೊಂಡು ಸುಮ್ನೆ ಕೇಳಿಸ್ಕೊಳ್ತಾರೆ."

ನಾನು ಲೆಕ್ಕ ಹಾಕಿದೆ. ಬಿಸಿಯಲ್ಲಿ ಮೂವತ್ತಾರಕ್ಕೆ ಎರಡು ಸಲ ಇಳಿಸಿದ ಟೈರು ಸಂಜೆ ತಣ್ಣಗಾದ ಮೇಲೆ ಇಪ್ಪತ್ತೈದಕ್ಕೆ ಬಂದಿರುತ್ತದೆ. ಸಾವಿರದ ಆರುನೂರ ಐವತ್ತು ಕಿಲೋ, ಇಬ್ಬರು ಜನ, ಇಪ್ಪತ್ತೈದು. ಹಾಗೆ ಓಡಿದರೆ ಟೈರಿನ ಪಕ್ಕೆ ಬಾಗಿ ಬಾಗಿ ಕಾದು ಸಿಡಿಯುತ್ತದೆ. ಹೊರಡುವ ಮುಂಚೆ ಮತ್ತೆ ಗಾಳಿ ತುಂಬಬೇಕಿತ್ತು. ಹಾಗೆ ಸಿಡಿಯಲು ನೂರಿಪ್ಪತ್ತರ ಸ್ಪೀಡ್ ಸಾಕು, ಇನ್ನೂರು ಬೇಡ. ಅಂದರೆ ಅದು ಅವರ ತಪ್ಪಲ್ಲ.

ಶೀಟ್ ಇನ್ನೂ ನನ್ನ ಫೈಲಿನಲ್ಲೇ ಇದೆ. ಕಳಿಸಿಲ್ಲ. ಏನು ಮಾಡಲಿ ಅಂತ ಹೇಳಿ. ಬೈದರೂ ಪರವಾಗಿಲ್ಲ, ಬರೆಯಿರಿ.

ಇಂತಿ,
ನಿಮ್ಮ ಮಗಳು


ಅಕ್ಟೋಬರ್ 14

ಲೆಕ್ಕ ಸರಿಯಾಗಿದೆ. ಗೇಜ್ ಓದಲು ಬಾರದಿದ್ದರೂ ಲೆಕ್ಕ ಬರುತ್ತದೆ ಅಂತಾಯಿತು.

ಇಪ್ಪತ್ತೆರಡು ವರ್ಷದಿಂದ ಟೈರಿಗೆ ಗಾಳಿ ಬಿಟ್ಟಿದ್ದೇನೆ. ನಾನು ಗಾಳಿ ಬಿಟ್ಟ ಒಂದು ಕಾರೂ ಯಾವತ್ತೂ ತನ್ನ ಚಕ್ರದ ಮೇಲೆ ಮನೆಗೆ ಹೋಗಿಲ್ಲ. ಎಲ್ಲವೂ ಲಾರಿ ಹತ್ತುತ್ತವೆ. ಸಂಜೆಯಾದರೆ ನನ್ನ ಕೈ ಮೊದಲು ಗಾಳಿ ತುಂಬುವ ಮಷೀನನ್ನು ಲಾರಿಗೆ ಹಾಕುತ್ತದೆ, ತಲೆ ಆಮೇಲೆ ಬರುತ್ತದೆ. ಇದು ಕಾರಣ. ಕ್ಷಮೆ ಅಲ್ಲ. ಕ್ಷಮೆ ಕೇಳುವುದು ನಿನ್ನ ಖಾತೆ.

ಮುಂದಿನ ವರ್ಷದಿಂದ ನಾನು ಇಡೀ ಟ್ರ್ಯಾಕಿನ ಸೇಫ್ಟಿ ಇನ್‌ಸ್ಪೆಕ್ಟರ್. ಮಾತು ಮುಗಿದಿದೆ, ಕಾಗದ ಬರುವುದಿದೆ. ಆ ಕುರ್ಚಿಯಲ್ಲಿ ಇವತ್ತಿನವರೆಗೆ ಹೆಂಗಸು ಕೂತಿಲ್ಲ. ನಾನು ಯಾವುದನ್ನೆಲ್ಲ ಆಚೆ ಇಟ್ಟು ಇಲ್ಲಿಯವರೆಗೆ ಬಂದಿದ್ದೇನೆ ಎನ್ನುವುದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಿನಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ.

ಈಗ ಸರಿಯಾಗಿ ಓದು. ಶೀಟಿನಲ್ಲಿರುವ ಅಕ್ಷರ ನಿನ್ನದು. ಸಹಿ ನಿನ್ನದು. ಗಾಳಿ ಬಿಟ್ಟ ಕೈ ನಿನ್ನದು. ನೋಡಿದವರ ಸಹಿ ಇಲ್ಲ. ಯಾರಾದರೂ ಕೇಳಿದರೆ, ಹೊರಡುವ ಮುಂಚೆ ತುಂಬಿಸು ಅಂತ ಟೈರ್ ಮೇಡಂ ಹೇಳಿದ್ದರು, ನಾನು ಮರೆತೆ ಅನ್ನು. ನೀನು ಸ್ಟೂಡೆಂಟ್, ಮರೆಯುವುದೇ ನಿನ್ನ ಕೆಲಸ. ನಾಲ್ಕು ದಿನ ಬೈಯುತ್ತಾರೆ. ನನಗಾದರೆ ಉಳಿಯುವುದು ಏನೂ ಇಲ್ಲ.

ಯಾರೂ ಕೇಳದಿದ್ದರೆ ಬಾಯಿ ಮುಚ್ಚಿಕೊಂಡಿರು. ಶೀಟ್ ಕಳಿಸು, ಅಥವಾ ಸುಟ್ಟುಹಾಕು. ಆ ಹುಡುಗಿಯ ಜಡೆ ಹಾಕುವುದನ್ನು ನಿಲ್ಲಿಸು. ನಿನ್ನ ಮುಖ ನೋಡಿದರೆ ಎಲ್ಲ ಗೊತ್ತಾಗುತ್ತದೆ, ಆ ಹಳದಿ ದೀಪದ ಹಾಗೆ.

ಇಂತಿ,
ನಿನ್ನ ಪರಿಚಯದವಳು


ಡಿಸೆಂಬರ್ 8, ಭಾನುವಾರ
ರೂಮ್ 214

ಅಮ್ಮ,

ಎರಡು ತಿಂಗಳು ಬರೆಯಲಿಲ್ಲ. ಭಾನುವಾರ ಹತ್ತಕ್ಕೆ ಪೆನ್ ತೆಗೆದು ಹನ್ನೊಂದಕ್ಕೆ ಮುಚ್ಚಿಡುತ್ತಿದ್ದೆ. ನೀವೂ ಬರೆಯಲಿಲ್ಲ.

ಜಡೆ ಹಾಕುವುದನ್ನು ನಿಲ್ಲಿಸಲು ಆಗಲಿಲ್ಲ. ನವೆಂಬರಿನಲ್ಲಿ ಅವಳ ತೋಳಿನ ಪಟ್ಟಿ ಬಿಚ್ಚಿದರು. ಆದರೂ ಅವಳು ಬೆಳಿಗ್ಗೆ ಬಾಚಣಿಗೆ ಹಿಡಿದು ಬಂದು ನನ್ನ ಮುಂದೆ ಕೂರುತ್ತಿದ್ದಳು, ಅಭ್ಯಾಸವಾಗಿಬಿಟ್ಟಿತ್ತು. ಹೋದ ಭಾನುವಾರ, "ಅಪ್ಪ ನಿನ್ನ ನೋಡ್ಬೇಕಂತೆ, ಆ ಕಲಿಯೋ ಮಗು ಹೇಗಿದೆ ಅಂತ ಕೇಳ್ತಾನೇ ಇರ್ತಾರೆ. ಬಾರೇ" ಅಂತ ಅವಳ ಮನೆಗೆ ಕರೆದುಕೊಂಡು ಹೋದಳು. ಫೈಲನ್ನು ಬ್ಯಾಗಿನಲ್ಲಿ ಇಟ್ಟುಕೊಂಡೆ.

ಕೆಳಗಡೆ ಕ್ಲಿನಿಕ್, ಮೇಲೆ ಮನೆ. ಕ್ಲಿನಿಕ್ಕಿನ ಶಟರ್ ಎಳೆದಿತ್ತು. ಡಾಕ್ಟರ್ ಅಂಕಲ್ ಹಾಲಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು ಬಲಗೈಯಲ್ಲಿ ಒಂದು ರಬ್ಬರ್ ಚೆಂಡನ್ನು ಅಮುಕಲು ಪ್ರಯತ್ನಿಸುತ್ತಿದ್ದರು. ಚೆಂಡು ಅಮುಕುತ್ತಿರಲಿಲ್ಲ, ಉರುಳಿ ಬೀಳುತ್ತಿತ್ತು. ಬಿದ್ದಾಗಲೆಲ್ಲ ಅವರ ಹೆಂಡತಿ ಎತ್ತಿ ಕೊಡುತ್ತಿದ್ದರು. ಎತ್ತಿ ಕೊಡುವಾಗಲೆಲ್ಲ, "ನೂರರಲ್ಲಿ ಹೋಗಿದ್ರೆ ಮನೆ ಸೇರ್ತಿರ್ಲಿಲ್ವಾ?" ಅನ್ನುತ್ತಿದ್ದರು. ಅವರಿಗೆ ಸಿಟ್ಟು ಕೂಡ ಇರಲಿಲ್ಲ ಅಮ್ಮ, ಉಸಿರಾಡುವ ಹಾಗೆ ಹೇಳುತ್ತಿದ್ದರು. ಮೂರನೇ ಸಲ ಚೆಂಡು ಬಂದು ನನ್ನ ಕಾಲಿಗೆ ತಾಗಿತು.

ನಾನು ಫೈಲ್ ತೆಗೆದೆ. ಶೀಟನ್ನು ಟೀಪಾಯಿಯ ಮೇಲೆ ಇಟ್ಟೆ. ನೀವು ಹೇಳಿಕೊಟ್ಟ ಹಾಗೆಯೇ ಹೇಳಿದೆ, ಒಂದು ಮಾತೂ ಆಚೀಚೆ ಮಾಡಲಿಲ್ಲ. ಗಾಳಿ ಇಳಿಸಿದ್ದು ನಾನು. ಹೊರಡುವ ಮುಂಚೆ ತುಂಬಿಸು ಅಂತ ಟೈರ್ ಮೇಡಂ ಹೇಳಿದ್ದರು. ನಾನು ಮರೆತೆ. ಟೈರ್ ಸಿಡಿದದ್ದು ಅದಕ್ಕೆ, ಸ್ಪೀಡಿಗಲ್ಲ.

ಡಾಕ್ಟರ್ ಶೀಟನ್ನು ಎಡಗೈಯಲ್ಲಿ ಹಿಡಿದು ಮೇಲಿನಿಂದ ಕೆಳಗಿನವರೆಗೆ ಓದಿದರು. ನಾನು ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಅಡುಗೆಮನೆಗೆ ಹೋಗಿದ್ದ ಹೆಂಡತಿಯನ್ನು ಕೂಗಿ ಕರೆದರು. "ಇಲ್ಲಿ ಬಾ. ಬಾ ಇಲ್ಲಿ. ಏಯ್ ಹುಡುಗಿ, ಇನ್ನೊಂದ್ಸಲ ಹೇಳು. ಇವಳಿಗೆ ಕೇಳೋ ಹಾಗೆ ಹೇಳು."

ಹೇಳಿದೆ.

"ನನ್ನ ತಪ್ಪಲ್ಲ ಅಂತ ಹೇಳು."

"ನಿಮ್ಮ ತಪ್ಪಲ್ಲ ಅಂಕಲ್."

"ಇನ್ನೊಂದ್ಸಲ."

ಮೂರು ಸಲ ಹೇಳಿಸಿದರು. ಮೂರನೇ ಸಲಕ್ಕೆ ಅವರು ಅಳುತ್ತಿದ್ದರು, ಅವರ ಹೆಂಡತಿ ಗೋಡೆ ಹಿಡಿದು ನಿಂತಿದ್ದರು. ರೂಮಿ ನನ್ನ ಪಕ್ಕದಲ್ಲೇ ಇದ್ದಳು. ಬೆಳಿಗ್ಗೆ ನಾನು ಹೆಣೆದ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ರಬ್ಬರ್ ಬ್ಯಾಂಡ್ ತೆಗೆದು ಬಿಚ್ಚತೊಡಗಿದಳು. ತುದಿಯಿಂದ ಬುಡದವರೆಗೆ, ಒಂದೊಂದೇ ಎಳೆ. ಅವರಪ್ಪ ಏನಾದರೂ ಎಸೆದಿದ್ದರೆ ಚೆನ್ನಾಗಿತ್ತು.

ಆಮೇಲೆ ಡಾಕ್ಟರ್ ಮುಖ ಒರೆಸಿಕೊಂಡು, "ಆ ಟೈರಿನ ಹೆಂಗಸು ನಿಂಗೆ ಏನಾಗ್ಬೇಕು?" ಅಂತ ಕೇಳಿದರು. "ಅವತ್ತೇ ಅನ್ಕೊಂಡೆ. ಗೇಜ್ ಹಿಡಿಯೋವಾಗ ಇಬ್ರೂ ನಾಲಿಗೆ ಹಲ್ಲಿನ ಮಧ್ಯೆ ಇಟ್ಕೊಳ್ತೀರ. ಹಲ್ಲಿನ ಸಾಲೂ ಒಂದೇ. ನಾನು ಮೂವತ್ತು ವರ್ಷ ನೋಡಿದ್ದು ಅದನ್ನೇ."

ನಾನು ಹೌದು ಅಂದಿದ್ದರೆ ಶೀಟಿನ ಖಾಲಿ ಜಾಗದಲ್ಲಿ ಯಾರ ಸಹಿ ಇರಬೇಕಿತ್ತು ಅನ್ನುವುದು ಅವರಿಗೆ ತಾನಾಗಿ ಹೊಳೆಯುತ್ತಿತ್ತು. ಅಮ್ಮನನ್ನು ಉಳಿಸಲು ಮಗಳು ಸುಳ್ಳು ಹೇಳುತ್ತಿದ್ದಾಳೆ ಎನ್ನುವುದೂ.

"ಪರಿಚಯದವರು" ಅಂದೆ. ಮೆಸ್‌ನಲ್ಲಿ ಅಂದಾಗ ನಾಲಿಗೆ ತೊದಲಿತ್ತು. ಈ ಸಲ ತೊದಲಲಿಲ್ಲ. ಅವರು ನಂಬಿದರು, ಅಮ್ಮ. ನಿಮ್ಮ ಕುರ್ಚಿಗೆ ಏನೂ ಆಗುವುದಿಲ್ಲ.

ಈಗ ನಿಮಗೊಬ್ಬರಿಗೇ ಹೇಳುವುದು. ಹೊರಡುವ ಮುಂಚೆ ತುಂಬಿಸು ಅಂತ ನೀವು ಹೇಳಿರಲಿಲ್ಲ, ಅದು ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದ್ದು ಇದು. ನಾನು ಮರೆತಿರಲೂ ಇಲ್ಲ.

ಚೀಟಿ ನೋಡಿ ಮೂವತ್ತಾರು, ತಣ್ಣಗಿದ್ದಾಗ ಅಂತ ಬರೆದುಕೊಂಡವಳು ನಾನೇ ಅಲ್ಲವೇ. ಮತ್ತೆ ತುಂಬಬೇಕಲ್ಲ ಅಂತ ಕೇಳಲು ಒಂದು ಸಲ ಬಾಯಿ ತೆರೆದೆ, ಗೇಜ್ ಓದೋದು ಕಲಿ ಅಂದಿರಿ. ಅಷ್ಟಕ್ಕೇ ನಿಂತಿದ್ದರೆ ತಪ್ಪನ್ನು ನಿಮ್ಮ ಮೇಲೆ ಹಾಕಿ ನಿದ್ದೆ ಮಾಡುತ್ತಿದ್ದೆ. ಆದರೆ ಅರ್ಧ ಗಂಟೆಯ ನಂತರ ನೀವೊಬ್ಬರೇ ಲಾರಿಯ ಹಿಂದೆ ನಿಂತು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದಿರಿ. ಮಷೀನ್ ಆಗಲೇ ಲಾರಿಯ ಮೇಲಿತ್ತು. ಸುತ್ತ ಯಾರೂ ಇರಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅಮ್ಮ ಅಂತ ಮೆಲ್ಲಗೆ ಕರೆದಿದ್ದರೂ ನಿಮಗೆ ಕೇಳಿಸುತ್ತಿತ್ತು. ನಾಳೆ ಬೆಳಿಗ್ಗೆ ಡಾಕ್ಟರು ಎದ್ದು ಮೆತ್ತಗಾದ ಟೈರ್ ನೋಡಿ, ಎಂಥಾ ಹೆಂಗಸ್ರೀ ಅದು, ಗಾಳಿ ತುಂಬೋದೂ ಗೊತ್ತಿಲ್ಲ ಅಂತ ನಿಮ್ಮ ತಂಡದ ಯಜಮಾನರಿಗೆ ಫೋನ್ ಮಾಡಲಿ ಅಂದುಕೊಂಡೆ. ಎಲ್ಲರ ಮುಂದೆ ನಿಮ್ಮ ಮುಖ ಒಂದು ಸಲ ಚಿಕ್ಕದಾಗಲಿ ಅಂತ. ಅಷ್ಟೇ ಬೇಕಿತ್ತು ನನಗೆ. ತಿರುಗಿ ವ್ಯಾನ್ ಹತ್ತಿದೆ. ಕಿಟಕಿಯಿಂದ ರೂಮಿಗೆ ಕೈ ಬೀಸಿದೆ.

ಇದನ್ನು ಯಾರು ಸಾಕಿದರೋ ಅಂತ ಕೇಳಿದ್ದಿರಲ್ಲ. ಯಾರೂ ಸಾಕಲಿಲ್ಲ. ಆದರೂ ನಿಮ್ಮ ಹಾಗೇ ಆಗಿದ್ದೇನೆ.

ಮರುದಿನವೇ ವಿಷಯ ಕಾಲೇಜಿಗೆ ಮುಟ್ಟಿತು. ಕ್ಲಬ್ಬಿನಿಂದ ತೆಗೆದಿದ್ದಾರೆ. ರೂಮಿ ಬೇರೆ ರೂಮಿಗೆ ಹೋದಳು, ಅವಳ ಮಂಚದ ಮೇಲೆ ಈಗ ಬರೀ ಹಾಸಿಗೆ. ಬಾಚಣಿಗೆ ಇಲ್ಲೇ ಬಿಟ್ಟು ಹೋಗಿದ್ದಾಳೆ. ನನ್ನ ವಿಷಯ ಕಮಿಟಿ ಮುಂದೆ ಇದೆ, ಜನವರಿಯಲ್ಲಿ ಹೇಳುತ್ತಾರಂತೆ. ಅಲ್ಲಿಯವರೆಗೆ ಹಾಸ್ಟೆಲಿನಲ್ಲಿ ಇರುವಂತಿಲ್ಲ. ಇಪ್ಪತ್ತನೇ ತಾರೀಖು ರಜಕ್ಕೆ ಬಾಗಿಲು ಹಾಕುವಾಗ ಪೆಟ್ಟಿಗೆ ಸಮೇತ ಹೊರಡಬೇಕು. ಮನೆಯವರು ಯಾರಾದರೂ ಬಂದು ಸಹಿ ಹಾಕಿ ಕರೆದುಕೊಂಡು ಹೋಗಬೇಕು ಅಂತ ವಾರ್ಡನ್ ಒಂದು ಫಾರ್ಮ್ ಕೊಟ್ಟಿದ್ದಾರೆ. ಅದರಲ್ಲಿ ಹೆಸರು, ಸಂಬಂಧ, ಸಹಿ ಅಂತ ಮೂರು ಜಾಗ ಇವೆ. ಮೂರನ್ನೂ ಖಾಲಿ ಬಿಟ್ಟಿದ್ದೇನೆ.

ನನಗೆ ಹೋಗಲು ಬೇರೆ ಜಾಗ ಇಲ್ಲ. ನೀವು ಬರುತ್ತೀರೋ ಇಲ್ಲವೋ, ಇಪ್ಪತ್ತರ ಒಳಗೆ ತಲುಪುವ ಹಾಗೆ ಬೇಗ ಉತ್ತರ ಬರೆಯಿರಿ.

ಇಂತಿ,
ಮಗಳು